‘ಝ್ಯಾಂಥೊ’: ಹೆಸರಿನೊಳಗೆ ಅಡಗಿದ ಹಳದಿ

ಮಂಗಟ್ಟೆಗಳನ್ನು ನೋಡಲೆಂದು ದಾಂಡೇಲಿಯ ಕಾಡಿಗೆ ಹೋದವರಿಗೆ ಕಪ್ಪು ತಲೆಯ, ಅಚ್ಚ ಹಳದಿ ಮೈಯ ಹೊನ್ನಕ್ಕಿಯೂ ಕಾಣಸಿಗುವುದುಂಟು. ಪಕ್ಷಿಶಾಸ್ತ್ರದಲ್ಲಿ ಅದರ ಹೆಸರು ‘ಓರಿಯೋಲಸ್ ಝ್ಯಾಂಥೋರ್ನಸ್’. ಗ್ರೀಕ್ ಭಾಷೆಯಲ್ಲಿ ‘ಕ್ಸಾಂಥೋಸ್’ ಎಂದರೆ ಹಳದಿ, ‘ಓರ್ನಿಸ್’ ಎಂದರೆ ಹಕ್ಕಿ. ಇಂಗ್ಲಿಷಿನ ಬಾಯಲ್ಲಿ ‘ಕ್ಸ’ಕಾರ ‘ಝ’ಕಾರವಾದುದರಿಂದ ಈ ಮೂಲ ನಮಗೆ ಥಟ್ಟನೆ ಹೊಳೆಯುವುದಿಲ್ಲ.

ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಹೊಲಗಳಲ್ಲಿ ಬೆಳೆಯುವ ಗೋವಿನಜೋಳಕ್ಕೆ ಹಳದಿ ಬಣ್ಣ ನೀಡುವ ಮುಖ್ಯ ವರ್ಣದ್ರವ್ಯಗಳಲ್ಲೊಂದು ‘ಝಿಯಾಝ್ಯಾಂಥಿನ್’. ‘ಝಿಯಾ’ ಎಂಬುದು ಆ ಬೆಳೆಯ ಶಾಸ್ತ್ರೀಯ ಕುಲನಾಮ. ಮನುಷ್ಯನ ಅಕ್ಷಿಪಟಲದ ನಡುವಿರುವ ಹಳದಿ ಚುಕ್ಕೆಯಲ್ಲಿಯೂ ಇದೇ ದ್ರವ್ಯವಿದೆ. ದೇಹ ಅದನ್ನು ಆಹಾರದಿಂದಲೇ ಪಡೆಯಬೇಕು. ಎಲೆಯ ಹಸಿರು ಮಾಸಿದಾಗ ಗೋಚರಿಸುವ ಹಳದಿಗೆ ‘ಝ್ಯಾಂಥೊಫಿಲ್’ ಎಂಬ ಹೆಸರನ್ನು 1837ರಲ್ಲಿ ಇಟ್ಟವನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್. ಜೋಯಿಡಾ ಭಾಗವೂ ಸೇರಿದ ಪಶ್ಚಿಮಘಟ್ಟದ ಕಾಡುಗಳ ಜಾರಿಗೆ ಹುಳಿಯ ಮರ ‘ಗಾರ್ಸಿನಿಯಾ ಝ್ಯಾಂಥೊಕೈಮಸ್’, ಅಂದರೆ ಹಳದಿ ರಸವುಳ್ಳದ್ದು.

ಹೆಸರಿನಲ್ಲಿ ಹಳದಿ ಇದ್ದ ಮಾತ್ರಕ್ಕೆ ವಸ್ತುವೂ ಹಳದಿಯಾಗಿರಬೇಕೆಂದಿಲ್ಲ. ‘ಝ್ಯಾಂಥಿನ್’ ಬಿಳಿಯ ಪುಡಿ. ನೈಟ್ರಿಕ್ ಆಮ್ಲದೊಡನೆ ಕಾಯಿಸಿದಾಗ ಹಳದಿ ಶೇಷ ಉಳಿಸುತ್ತದೆ ಎಂಬ ಕಾರಣಕ್ಕೆ ಆ ಹೆಸರು ಬಂತು. ನಮ್ಮ ಕಾಫಿಯ ಕೆಫೀನ್ ಇದರ ಕುಟುಂಬದ್ದೇ.

ಬತ್ತದ ಗದ್ದೆಯಲ್ಲಿ ಈ ಪದ ಲಾಭ-ನಷ್ಟದ ಪ್ರಶ್ನೆಯಾಗುತ್ತದೆ. ದುಂಡಾಣು ಎಲೆ ಅಂಗಮಾರಿ ರೋಗವನ್ನು ತರುವ ಜೀವಿ ‘ಝ್ಯಾಂಥೊಮೊನಾಸ್ ಒರೈಝೆ’. 1939ರಲ್ಲಿ ಡೌಸನ್ ಎಂಬ ವಿಜ್ಞಾನಿ ಈ ಕುಲಕ್ಕೆ ಹೆಸರಿಟ್ಟದ್ದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದ ಅದರ ಹಳದಿ ಸಮೂಹಗಳನ್ನು ಗಮನಿಸಿ. ಗದ್ದೆಯಲ್ಲಿಯೂ ಎಲೆಯ ತುದಿ ಮತ್ತು ಅಂಚುಗಳು ಅಲೆಯಂತೆ ಹಳದಿಗಟ್ಟಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಇದನ್ನು ಸಾರಜನಕದ ಕೊರತೆಯೆಂದು ಬಗೆದು ಯೂರಿಯಾ ಎರಚಿದರೆ ರೋಗ ಇನ್ನಷ್ಟು ಉಲ್ಬಣಿಸುತ್ತದೆ. ಬೆಂಕಿ ರೋಗಕ್ಕೆ ಸಿಂಪಡಿಸುವ ಶಿಲೀಂಧ್ರನಾಶಕವೂ ಇಲ್ಲಿ ಫಲಕಾರಿಯಲ್ಲ. ಆ ರೋಗಕ್ಕೆ ಕಾರಣ ಶಿಲೀಂಧ್ರ, ಇದಕ್ಕೆ ಬ್ಯಾಕ್ಟೀರಿಯಾ. ಪರೀಕ್ಷೆ ಸರಳ: ರೋಗ ತಗುಲಿದ ಎಲೆಯನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಭಾಗದಿಂದ ಹಾಲಿನಂಥ ಸ್ರಾವ ಇಳಿಯುತ್ತದೆ. ಕೊರತೆಯಿಂದ ಹಳದಿಯಾದ ಎಲೆಯಲ್ಲಿ ಹೀಗಾಗದು.

ಮನುಷ್ಯನ ದೇಹದಲ್ಲಿಯೂ ಇಂಥದೇ ಗೊಂದಲವಿದೆ. ಕಣ್ಣಿನ ರೆಪ್ಪೆಯ ಮೇಲೆ, ಮೂಗಿನ ಪಕ್ಕಕ್ಕೆ, ನೋವಿಲ್ಲದ ಹಳದಿ ಪಟ್ಟೆಗಳು ಮೂಡಿದರೆ ವೈದ್ಯರು ಅದನ್ನು ‘ಝ್ಯಾಂಥೆಲಾಸ್ಮಾ’ ಎನ್ನುತ್ತಾರೆ. ‘ಎಲಾಸ್ಮಾ’ ಎಂದರೆ ಬಡಿದು ತೆಳುವಾಗಿಸಿದ ಲೋಹದ ತಗಡು, ಹೋಲಿಕೆ ಸೊಗಸಾಗಿದೆ. ಅದು ಚರ್ಮದಡಿ ಶೇಖರವಾದ ಕೊಲೆಸ್ಟರಾಲ್. ಇಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಕೊಬ್ಬಿನ ಅಂಶ ಹೆಚ್ಚಿರುವುದರಿಂದ ರಕ್ತಪರೀಕ್ಷೆ ಅಗತ್ಯ.

ಹಳದಿ ರೆಪ್ಪೆಯ ಮೇಲಿರದೆ ಕಣ್ಣಿನ ಬಿಳಿಯ ಭಾಗದಲ್ಲಿ ಕಂಡರೆ ಅದು ಬೇರೆಯೇ ಸಂಗತಿ: ರಕ್ತದಲ್ಲಿ ಬಿಲಿರುಬಿನ್ ಹೆಚ್ಚಿ ಉಂಟಾಗುವ ಕಾಮಾಲೆ. ಅದಕ್ಕೆ ವೈದ್ಯಶಾಸ್ತ್ರದ ಪದ ‘ಇಕ್ಟೆರಸ್’. ಇದೂ ಗ್ರೀಕ್ ಮೂಲದ್ದೇ, ಆದರೆ ಬೇರೆ ಧಾತುವಿನದು. ಗ್ರೀಕರಲ್ಲಿ ‘ಇಕ್ಟೆರೋಸ್’ ಒಂದು ಹಳದಿ ಹಕ್ಕಿಯ ಹೆಸರೂ ಆಗಿತ್ತು. ರೋಗಿ ಅದನ್ನು ನೋಡಿದರೆ ಗುಣವಾಗುತ್ತಾನೆ, ಹಕ್ಕಿ ಸಾಯುತ್ತದೆ ಎಂಬ ನಂಬಿಕೆಯನ್ನು ರೋಮಿನ ಪ್ಲಿನಿ ದಾಖಲಿಸಿದ್ದಾನೆ.

ನಗುವುದು ಬೇಡ. ಕಾಮಾಲೆಗೆ ನಾಟಿ ಔಷಧಿಯೊಂದೇ ಸಾಕು ಎಂಬ ನಂಬಿಕೆ ನಮ್ಮ ನಗರಗಳಲ್ಲಿಯೂ ಇದೆ. ಹೆಪಟೈಟಿಸ್–ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಶಮನವಾಗುವುದರಿಂದ ಕೀರ್ತಿ ಔಷಧಿಗೆ ಸಲ್ಲುತ್ತದೆ. ಆದರೆ ಮಳೆಗಾಲದ ಇಲಿಜ್ವರವೂ, ಪಿತ್ತನಾಳದಲ್ಲಿ ಸಿಲುಕಿದ ಕಲ್ಲೂ ಕಣ್ಣನ್ನು ಹಳದಿಯಾಗಿಸುತ್ತವೆ. ಮೊದಲನೆಯದಕ್ಕೆ ಆರಂಭದಲ್ಲಿಯೇ ಆ್ಯಂಟಿಬಯೋಟಿಕ್ ಬೇಕು. ಎರಡನೆಯದರಲ್ಲಿ ಕಲ್ಲನ್ನು ಹೊರತೆಗೆಯಬೇಕು. ಯಾವುದು ಎಂಬುದನ್ನು ಕಣ್ಣಿನ ಬಣ್ಣ ಹೇಳದು, ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಹೇಳುತ್ತವೆ.