ಬಾಕುವಿನ ಸಭೆಗೂ ಮೂಡಿಗೆರೆಯ ಹೂಮಳೆಗೂ ಏನು ಸಂಬಂಧ?

ಎಲ್ಲೋ ಅಜರ್‌ಬೈಜಾನ್‌ನ ಬಾಕುವಿನಲ್ಲಿ ಹವಾಮಾನ ಸಭೆ ನಡೆದರೆ ಮೂಡಿಗೆರೆಯ ಬೆಳೆಗಾರನಿಗೇನು? ಸಂಬಂಧ ಇದೆ ಸ್ವಾಮಿ, ನೇರವಾಗಿಯೇ ಇದೆ.

ಕಾಫಿಗೆ ಮಳೆ ಬಂದರಷ್ಟೇ ಸಾಲದು, ಹೊತ್ತಿಗೆ ಬರಬೇಕು. ಬೇಸಿಗೆಯಲ್ಲಿ ಹೂಮಳೆ, ಅದರ ಬೆನ್ನಿಗೇ ಕಾಯಿ ಕಟ್ಟಲು ಇನ್ನೊಂದು ಮಳೆ, ಕೊಯ್ಲಿಗೆ ಬಿಸಿಲು. ಹೂಮಳೆ ತಪ್ಪಿದರೆ ದುಡ್ಡಿದ್ದವರು ಸ್ಪ್ರಿಂಕ್ಲರ್ ಹಾಕ್ತಾರೆ, ಎರಡೆಕರೆಯವರು ಆಕಾಶ ನೋಡ್ತಾರೆ. ಮಳೆಗಾಲದಲ್ಲಿ ಬಿಡದೆ ಸುರಿದರೆ ಕೊಳೆರೋಗ. ಕೊಯ್ಲಲ್ಲಿ ಸುರಿದರೆ ಕಣದಲ್ಲಿ ಹರವಿದ ಕಾಫಿ ಹಾಳು.

ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತೆ. ಸುರಿಯುವಾಗ ಒಮ್ಮೆಗೇ ಸುರಿಯುತ್ತೆ. ಅಂಥ ಮಳೆ ಏನು ಮಾಡಬಲ್ಲದು ಅಂತ 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಂಡಿವೆ. ಗುಡ್ಡವೇ ಜಾರಿ ಮನೆ, ತೋಟ ಹೋದವು. ಗುಡ್ಡ ಕಡಿಯುವುದನ್ನು ನಾವು ನಿಲ್ಲಿಸಬಹುದು, ನಿಲ್ಲಿಸಲೇಬೇಕು. ಆದರೆ ಜಗತ್ತಿನ ಚಿಮಣಿಗಳ ಹೊಗೆಯನ್ನು ಕಳಸದಲ್ಲಿ ಕೂತು ನಿಲ್ಲಿಸೋಕಾಗುತ್ತಾ?

ಅದಕ್ಕೇ ಜಾಗತಿಕ ಒಪ್ಪಂದ ಬೇಕು. 2015ರಲ್ಲಿ ಪ್ಯಾರಿಸ್‌ನಲ್ಲಿ ಆಯಿತು: ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ಕಟ್ಟಿಹಾಕಲು ಯತ್ನಿಸೋಣ ಅಂತ. ಆದರೆ ಗುರಿ ಬರೆದುಕೊಳ್ಳೋದು ಆಯಾ ದೇಶವೇ, ತಪ್ಪಿದರೆ ದಂಡವಿಲ್ಲ. 2024ರಲ್ಲಿ ಬಾಕುವಿನಲ್ಲಿ ಅಭಿವೃದ್ಧಿಶೀಲ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್. ಶ್ರೀಮಂತ ದೇಶಗಳು ಮುಂದೆ ನಿಂತು ಹೊಂದಿಸ್ತೀವಿ ಅಂದಿದ್ದು 30 ಸಾವಿರ ಕೋಟಿ, ಅದೂ 2035ರ ಹೊತ್ತಿಗೆ. ಭಾರತ ಅಲ್ಲೇ ಆಕ್ಷೇಪಿಸಿತು.

ಬೆಳೆಗಾರ ಸಾಲದ ಕಂತು ತಪ್ಪಿಸಿದರೆ ಮನೆ ಬಾಗಿಲಿಗೆ ನೋಟಿಸ್ ಬರುತ್ತೆ. ಜಗತ್ತಿಗೆ ಕೊಟ್ಟ ಮಾತು ತಪ್ಪಿದ ದೇಶಕ್ಕೆ ನೋಟಿಸ್ ಕೊಡೋರು ಯಾರು?