ಮಗು ಖುಲಾದ ಬೆಲೆಯಲ್ಲ



ಕಳೆದ ಎರಡು ಜುಮಾ ಖುತ್ಬಾಗಳಲ್ಲಿ ನಾವು ಪತಿ ಪತ್ನಿಯರ ಹಕ್ಕು ಬಾಧ್ಯತೆಗಳ ಬಗ್ಗೆ ಮಾತನಾಡಿದೆವು. ನಮಾಝ್ ಮುಗಿದ ಬಳಿಕ ಹಲವರು ಕೇಳಿದ ಪ್ರಶ್ನೆ ಒಂದೇ: ತಲಾಖ್ ಅಥವಾ ಖುಲಾ ಆದ ಮೇಲೆ ಮಕ್ಕಳು ಯಾರ ಬಳಿ ಇರಬೇಕು? ಖುತ್ಬಾದ ಅಲ್ಪ ಸಮಯದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಆದ್ದರಿಂದ ಈ ತಿಂಗಳ ಸಾರಾಂಶದಲ್ಲಿ ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಪತ್ನಿ ಖುಲಾ ಕೇಳಿದಾಗ ಎರಡು ಮಾತುಗಳು ಆಗಾಗ ಕೇಳಿಬರುತ್ತವೆ. “ಮಕ್ಕಳನ್ನು ಬಿಟ್ಟು ಹೋಗಲಿ, ಖುಲಾ ಕೊಡುತ್ತೇನೆ” ಎನ್ನುತ್ತಾನೆ ಪತಿ. “ಮಕ್ಕಳ ಖರ್ಚು ಕೇಳುವುದಿಲ್ಲ ಎಂದು ಬರೆದುಕೊಟ್ಟರೆ ಮಕ್ಕಳನ್ನೂ ಕರೆದುಕೊಂಡು ಹೋಗಲಿ” ಎನ್ನುತ್ತಾರೆ ಅವನ ಮನೆಯವರು. ಹೇಗಾದರೂ ಜಗಳ ಮುಗಿಯಲಿ ಎಂದು ಹಿರಿಯರು ಛಾಪಾ ಕಾಗದ ತರಿಸುತ್ತಾರೆ. ಬೇಸತ್ತ ಹೆಣ್ಣುಮಗಳು ಸಹಿ ಹಾಕುತ್ತಾಳೆ. ಆ ಕಾಗದಕ್ಕೆ ಸಹಿ ಹಾಕದೆಯೂ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವುದು ಮಗು. ಇಂತಹ ಕರಾರು ಶರೀಅತ್‌ನ ಮುಂದೆಯೂ ನಿಲ್ಲುವುದಿಲ್ಲ, ದೇಶದ ಕಾನೂನಿನ ಮುಂದೆಯೂ ನಿಲ್ಲುವುದಿಲ್ಲ. ಏಕೆ ಎಂಬುದನ್ನು ನೋಡೋಣ.

ಬೇರ್ಪಡುವ ಮುನ್ನ

ದಂಪತಿಗಳ ನಡುವೆ ಬಿರುಕು ಮೂಡುವ ಭಯವಿದ್ದರೆ ಪತಿಯ ಕಡೆಯಿಂದ ಒಬ್ಬರನ್ನು, ಪತ್ನಿಯ ಕಡೆಯಿಂದ ಒಬ್ಬರನ್ನು ಮಧ್ಯಸ್ಥಗಾರರಾಗಿ ನೇಮಿಸಬೇಕೆಂದು ಅನ್ನಿಸಾ ಅಧ್ಯಾಯದ 35ನೇ ಸೂಕ್ತ ಆದೇಶಿಸುತ್ತದೆ. ಅದೂ ಫಲಿಸದಿದ್ದರೆ ಮಾತ್ರ ತಲಾಖ್‌ನ ಮಾತು. ತಲಾಖ್‌ಗೂ ಕ್ರಮವಿದೆ. ಒಂದು ತಲಾಖ್, ನಂತರ ಇದ್ದತ್‌ನ ಕಾಲ. ಆ ಕಾಲದಲ್ಲಿ ಪತ್ನಿಯನ್ನು ಮನೆಯಿಂದ ಹೊರಹಾಕಬಾರದು ಎಂದು ಅತ್ತಲಾಖ್ ಅಧ್ಯಾಯ ಮೊದಲ ಸೂಕ್ತದಲ್ಲೇ ಹೇಳುತ್ತದೆ. ಒಂದೇ ಸೂರಿನಡಿ ಇದ್ದರೆ ಕೋಪ ಇಳಿಯಬಹುದು, ಮಕ್ಕಳ ಮುಖ ನೋಡಿ ಮನಸ್ಸು ಬದಲಾಗಬಹುದು. ರುಜೂ ಮಾಡಲು, ಅಂದರೆ ಮರಳಿ ಒಂದಾಗಲು ಅಲ್ಲಾಹನು ಇಟ್ಟಿರುವ ಅವಕಾಶವದು.

ನಮ್ಮ ದೇಶದ ಸುಪ್ರೀಂ ಕೋರ್ಟ್ 2002ರ ಶಮೀಮ್ ಆರಾ ಪ್ರಕರಣದಲ್ಲಿ ಇದೇ ಕ್ರಮವನ್ನು ಎತ್ತಿ ಹಿಡಿಯಿತು. ಸಕಾರಣವಿರಬೇಕು, ಎರಡೂ ಕಡೆಯ ಮಧ್ಯಸ್ಥಗಾರರ ಮೂಲಕ ರಾಜಿಯ ಪ್ರಯತ್ನ ನಡೆದಿರಬೇಕು ಎಂದಿತು. 2017ರ ಆಗಸ್ಟ್ 22ರಂದು ಒಂದೇ ಉಸಿರಿನ ಮೂರು ತಲಾಖನ್ನು ಅದು ಅಸಿಂಧುಗೊಳಿಸಿತು. 2019ರ ಕಾಯ್ದೆಯ ಪ್ರಕಾರ ಅಂತಹ ತಲಾಖನ್ನು ಬಾಯಿಯಲ್ಲಿ ಹೇಳಿದರೂ, ಪತ್ರದಲ್ಲಿ ಬರೆದರೂ, ಮೊಬೈಲ್‌ನಲ್ಲಿ ಕಳುಹಿಸಿದರೂ ಅದಕ್ಕೆ ಬೆಲೆಯಿಲ್ಲ. ಹಾಗೆ ಮಾಡಿದವನಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಶಿಕ್ಷೆಯ ಭಾಗ ಎಲ್ಲರಿಗೂ ಗೊತ್ತು. ಆದರೆ ಅದೇ ಕಾಯ್ದೆಯ 5 ಮತ್ತು 6ನೇ ಕಲಮುಗಳು ಅನೇಕರಿಗೆ ಗೊತ್ತಿಲ್ಲ. ಅಂತಹ ಪ್ರಸಂಗದಲ್ಲಿ ಪತ್ನಿಗೂ ಅವಳನ್ನು ಅವಲಂಬಿಸಿರುವ ಮಕ್ಕಳಿಗೂ ಪತಿ ಜೀವನಭತ್ಯೆ ಕೊಡಬೇಕು. ಅಪ್ರಾಪ್ತ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳುವ ಹಕ್ಕು, ಮ್ಯಾಜಿಸ್ಟ್ರೇಟರು ನಿರ್ಧರಿಸುವ ರೀತಿಯಲ್ಲಿ, ಪತ್ನಿಗಿದೆ.

ಖುಲಾದಲ್ಲಿ ಮರಳಿಸುವುದು ಏನನ್ನು?

ಪ್ರವಾದಿವರ್ಯರ(ಸ) ಕಾಲದಲ್ಲಿ ಸಾಬಿತ್ ಬಿನ್ ಖೈಸ್‌ರ(ರ) ಪತ್ನಿ ಬಂದು, ಪತಿಯ ನಡತೆಯಲ್ಲಾಗಲಿ ಧರ್ಮನಿಷ್ಠೆಯಲ್ಲಾಗಲಿ ತನಗೆ ದೂರಿಲ್ಲ, ಆದರೆ ಅವರೊಂದಿಗೆ ಬಾಳಲಾಗದು ಎಂದು ತಿಳಿಸಿದರು. ಮಹ್ರ್ ಆಗಿ ಪಡೆದ ತೋಟವನ್ನು ಮರಳಿಸುವಿರಾ ಎಂದು ಪ್ರವಾದಿವರ್ಯರು(ಸ) ಕೇಳಿದರು. ಆಕೆ ಒಪ್ಪಿದರು. ತೋಟವನ್ನು ಸ್ವೀಕರಿಸಿ ಒಂದು ತಲಾಖ್ ಕೊಡುವಂತೆ ಸಾಬಿತ್‌ರಿಗೆ ಅವರು ಸೂಚಿಸಿದರು. ಇದು ಸಹೀಹ್ ಬುಖಾರಿಯಲ್ಲಿರುವ ಘಟನೆ.

ಇಲ್ಲಿ ಮರಳಿದ್ದು ತೋಟ. ಅದು ಆಕೆಯದಾಗಿತ್ತು, ಆದ್ದರಿಂದ ಕೊಡಬಹುದಾಗಿತ್ತು. ಮಗು ಹಾಗಲ್ಲ. ತಾಯಿಯ ಮಡಿಲಲ್ಲಿ ಬೆಳೆಯುವುದು ಮಗುವಿನ ಹಕ್ಕು. ಮಗುವಿನ ಹಕ್ಕನ್ನು ಬಿಟ್ಟುಕೊಡಲು ತಾಯಿಗೂ ಅಧಿಕಾರವಿಲ್ಲ, ಕೇಳಲು ತಂದೆಗೂ ಅಧಿಕಾರವಿಲ್ಲ. ಹನಫೀ ಫಿಕ್ಹ್ ಗ್ರಂಥಗಳು ಇದನ್ನು ನೇರವಾಗಿ ಹೇಳಿವೆ: ಎಳೆಯ ಮಗು ತಂದೆಯ ಬಳಿ ಇರಬೇಕೆಂಬ ಷರತ್ತಿನ ಮೇಲೆ ಖುಲಾ ಆದರೆ ಖುಲಾ ಸಿಂಧು, ಷರತ್ತು ಅಸಿಂಧು.

ಖರ್ಚಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ತಾಯಿ ಇಂತಿಷ್ಟು ಕಾಲ ಮಗುವಿನ ಖರ್ಚನ್ನು ತಾನೇ ನೋಡಿಕೊಳ್ಳುತ್ತೇನೆಂದು ಖುಲಾದಲ್ಲಿ ಒಪ್ಪಿಕೊಳ್ಳುವುದನ್ನು ಅದೇ ಗ್ರಂಥಗಳು ಚರ್ಚಿಸಿವೆ. ಆದರೆ ಆಕೆಗೆ ಗತಿಯಿಲ್ಲದಿದ್ದರೆ ತಂದೆಯೇ ಕೊಡಬೇಕು, ಕೊಡದಿದ್ದರೆ ಬಲವಂತದಿಂದ ಕೊಡಿಸಬೇಕು ಎಂದೂ ಹೇಳಿವೆ. ದೊಡ್ಡವರ ಒಪ್ಪಂದದಿಂದ ಮಗು ಹಸಿಯಬಾರದು.

ಪತಿ ಖುಲಾಕ್ಕೆ ಒಪ್ಪದೆ ಸತಾಯಿಸಿದರೆ ಹೆಣ್ಣುಮಗಳು ಅವನ ಮರ್ಜಿಗೆ ಕಾಯುತ್ತ ಕೂರಬೇಕಾಗಿಲ್ಲ. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಡಿ ಆಕೆ ನ್ಯಾಯಾಲಯದಿಂದ ಫಸ್ಖ್ ಪಡೆಯಬಹುದು. ಪತಿ 2 ವರ್ಷ ಜೀವನಾಂಶ ಕೊಡದಿರುವುದು, 4 ವರ್ಷ ಅವನ ಸುಳಿವಿಲ್ಲದಿರುವುದು, ಕ್ರೌರ್ಯ ಮುಂತಾದವು ಅದಕ್ಕೆ ಕಾರಣಗಳು. ಈ ದಾರಿ ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ತಾಯಂದಿರು ಮಕ್ಕಳನ್ನು ಬಿಟ್ಟುಕೊಟ್ಟು ಖುಲಾ ಪಡೆಯುತ್ತಾರೆ.

ಹಿಝಾನತ್ ಮತ್ತು ವಿಲಾಯತ್

ಹಿಝಾನತ್ ಎಂದರೆ ಮಗುವನ್ನು ಸಾಕಿ ಸಲಹುವುದು. ವಿಲಾಯತ್ ಎಂದರೆ ಅದರ ಆಸ್ತಿ, ಮದುವೆ ಇತ್ಯಾದಿಗಳ ಹೊಣೆ. ಮೊದಲನೆಯದರಲ್ಲಿ ತಾಯಿಗೆ ಆದ್ಯತೆ, ಎರಡನೆಯದು ತಂದೆಯದು. ಮಗು ಯಾರ ಬಳಿ ಇದ್ದರೂ ಖರ್ಚು ತಂದೆಯ ಮೇಲೆ. “ಮಗು ಅವಳ ಬಳಿ ಇದೆ, ನಾನೇಕೆ ಕೊಡಲಿ?” ಎಂಬ ಪ್ರಶ್ನೆಗೆ ಶರೀಅತ್‌ನಲ್ಲಿ ಜಾಗವಿಲ್ಲ.

ವಿಚ್ಛೇದಿತ ತಾಯಿಯೊಬ್ಬರು ತನ್ನ ಮಗುವನ್ನು ತಂದೆ ಕಸಿದುಕೊಳ್ಳಲು ಬಯಸುತ್ತಿದ್ದಾನೆ ಎಂದು ದೂರಿದಾಗ, ಮರುಮದುವೆಯಾಗುವವರೆಗೆ ಅವಳಿಗೇ ಹೆಚ್ಚು ಹಕ್ಕಿದೆ ಎಂದು ಪ್ರವಾದಿವರ್ಯರು(ಸ) ತೀರ್ಪಿತ್ತರು (ಅಬೂದಾವೂದ್). ಹಝ್ರತ್ ಉಮರ್‌ರ(ರ) ಮಗ ಆಸಿಮ್‌ರ ಪ್ರಸಂಗವೂ ಪ್ರಸಿದ್ಧ. ಬೇರ್ಪಟ್ಟ ಪತ್ನಿಯ ಮಗ ಖುಬಾ ಮಸೀದಿಯ ಅಂಗಳದಲ್ಲಿ ಆಡುತ್ತಿದ್ದಾಗ ಉಮರ್(ರ) ಅವನನ್ನೆತ್ತಿ ತನ್ನ ಸವಾರಿಯ ಮೇಲೆ ಕೂರಿಸಿಕೊಂಡರು. ಹುಡುಗನ ಅಜ್ಜಿ ಬಂದು ತಡೆದರು. ಇಬ್ಬರೂ ಖಲೀಫಾ ಅಬೂಬಕರ್‌ರ(ರ) ಮುಂದೆ ನಿಂತರು. ತೀರ್ಪು ಅಜ್ಜಿಯ ಪರವಾಗಿ ಬಂತು, ಉಮರ್(ರ) ಮರುಮಾತಾಡಲಿಲ್ಲ. ಉಮರ್‌ರಂತಹ(ರ) ತಂದೆಯೇ ಮಗುವನ್ನು ಬಿಟ್ಟು ಹಿಂದಿರುಗಿದರು ಎಂಬುದನ್ನು ನಮ್ಮ ತಂದೆಯಂದಿರು ನೆನಪಿಡಬೇಕು.

ವಯಸ್ಸಿನ ವಿಷಯದಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ನಮ್ಮ ರಾಜ್ಯದ ಹೆಚ್ಚಿನ ಕಡೆ ಅನುಸರಿಸುವ ಹನಫೀ ಮದ್‌ಹಬ್‌ನಲ್ಲಿ ಗಂಡುಮಗು 7 ವರ್ಷದವರೆಗೆ, ಹೆಣ್ಣುಮಗು ಪ್ರೌಢಳಾಗುವವರೆಗೆ ತಾಯಿಯ ಬಳಿ ಇರುತ್ತದೆ. ಕರಾವಳಿಯ ಬ್ಯಾರಿ ಮತ್ತು ನವಾಯತ್ ಸಹೋದರರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಮಗುವಿಗೆ ತಿಳಿವಳಿಕೆ ಬರುವ ವಯಸ್ಸಿನವರೆಗೆ, ಸುಮಾರು 7 ವರ್ಷದವರೆಗೆ, ತಾಯಿಯ ಬಳಿ. ನಂತರ ಯಾರ ಬಳಿ ಇರಬೇಕೆಂಬುದನ್ನು ಮಗುವೇ ಆರಿಸಬಹುದು. ತಾಯಿ ಮಗುವಿಗೆ ಸಂಬಂಧಿಯಲ್ಲದವನನ್ನು ಮದುವೆಯಾದರೆ ಹಿಝಾನತ್ ಮೊದಲು ಹೋಗುವುದು ತಾಯಿಯ ತಾಯಿಗೆ. ಮಗು ಯಾರ ಬಳಿ ಇದ್ದರೂ ಇನ್ನೊಬ್ಬರು ಅದನ್ನು ನೋಡುವುದನ್ನು ತಡೆಯುವಂತಿಲ್ಲ.

ನ್ಯಾಯಾಲಯ ಏನನ್ನು ನೋಡುತ್ತದೆ?

ಮಕ್ಕಳ ಪಾಲನೆಯ ಪ್ರಕರಣಗಳು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ನಡೆಯುತ್ತವೆ. ಮಗು ಸಾಮಾನ್ಯವಾಗಿ ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಕೌಟುಂಬಿಕ ನ್ಯಾಯಾಲಯವಿರುವ ಕಡೆ ಅಲ್ಲಿಗೆ. ನ್ಯಾಯಾಧೀಶರು ಆಯಾ ಧರ್ಮದ ವೈಯಕ್ತಿಕ ಕಾನೂನನ್ನು ಗಮನಿಸುತ್ತಾರೆ. ಆದರೆ ಎಲ್ಲಕ್ಕಿಂತ ಮೇಲೆ ಮಗುವಿನ ಹಿತವನ್ನು ನೋಡುತ್ತಾರೆ. ಅದರ ವಯಸ್ಸು, ಸಾಕುವವರ ನಡತೆ ಮತ್ತು ಸಾಮರ್ಥ್ಯ, ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ 7 ವರ್ಷ ತುಂಬಿದ ದಿನವೇ ಮಗನನ್ನು ಎಳೆದುಕೊಂಡು ಹೋಗಬಹುದು ಎಂದು ತಂದೆ ಭಾವಿಸಬಾರದು. ತಾಯಿ ಮರುಮದುವೆಯಾದಳು ಎಂಬ ಒಂದೇ ಕಾರಣದಿಂದ ಎಲ್ಲವೂ ತೀರ್ಮಾನವಾಗುವುದೂ ಇಲ್ಲ. ಪೋಷಕರು ಬರೆದುಕೊಂಡ ಕರಾರು ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ.

ಮಕ್ಕಳ ಜೀವನಾಂಶದ ಬಗ್ಗೆ ಸುಪ್ರೀಂ ಕೋರ್ಟ್ 1997ರಲ್ಲೇ ಸ್ಪಷ್ಟಪಡಿಸಿದೆ. ತಲಾಖ್ ಆದರೂ ಮಕ್ಕಳು ಪ್ರಾಪ್ತರಾಗುವವರೆಗೆ ಅಥವಾ ತಾವೇ ದುಡಿದುಕೊಳ್ಳುವವರೆಗೆ, ಹೆಣ್ಣುಮಕ್ಕಳಾದರೆ ಮದುವೆಯಾಗುವವರೆಗೆ, ಶಕ್ತನಾದ ತಂದೆ ಕೊಡಬೇಕು. ವಿಚ್ಛೇದಿತ ಪತ್ನಿಗೆ ಇದ್ದತ್‌ನ ಒಳಗೆ ಅವಳ ಮುಂದಿನ ಬಾಳಿಗೂ ಸಾಕಾಗುವ ನ್ಯಾಯಯುತ ಏರ್ಪಾಡು ಮಾಡಬೇಕೆಂದು 2001ರ ಡೇನಿಯಲ್ ಲತೀಫಿ ತೀರ್ಪು ಹೇಳಿತು. ಎಲ್ಲ ಧರ್ಮದವರಿಗೂ ಅನ್ವಯಿಸುವ ಜೀವನಾಂಶದ ಕಾನೂನಿನಡಿಯೂ ಆಕೆ ಅರ್ಜಿ ಹಾಕಬಹುದೆಂದು 2024ರ ಜುಲೈ 10ರ ತೀರ್ಪು ಹೇಳಿದೆ. ಹಿಂದೆ 125ನೇ ಕಲಂ ಎಂದು ಕರೆಯುತ್ತಿದ್ದ ಆ ಕಾನೂನು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹೆದರಬೇಕಾಗಿಲ್ಲ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು. ಸಹಾಯವಾಣಿ 15100.

ಜಮಾಅತ್ ಕಾಗದ ಬರೆಯುವಾಗ

ಜಮಾಅತ್‌ನ ಪಾತ್ರ ರಾಜಿಯದು, ನ್ಯಾಯಾಲಯದ್ದಲ್ಲ. ಫತ್ವಾವನ್ನು ಯಾರ ಮೇಲೂ ಬಲವಂತವಾಗಿ ಜಾರಿಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಹಾಗೆಂದು ನಮ್ಮ ಹೊಣೆ ಕಡಿಮೆಯಾಗುವುದಿಲ್ಲ. ಜನ ಮೊದಲು ಬರುವುದು ಮಸೀದಿಗೇ. ನಾವು ಬರೆದ ಒಂದು ಸಾಲಿನಿಂದ ಒಂದು ಮಗುವಿನ ಹತ್ತು ವರ್ಷ ಹಾಳಾಗಬಹುದು.

ಹಾಗಾಗಿ ಒಪ್ಪಂದ ಬರೆಯುವ ಹಿರಿಯರಲ್ಲಿ ನಮ್ಮ ವಿನಂತಿ ಇದು. ಮೊದಲು ಖುಲಾ ಅಥವಾ ತಲಾಖ್‌ನ ಮಾತು ಮುಗಿಸಿ. ಮಕ್ಕಳ ಮಾತನ್ನು ಬೇರೆಯಾಗಿ, ಬೇರೆ ದಿನ ಮಾಡಿ. ಮಗು ಎಲ್ಲಿ ಇರುತ್ತದೆ, ತಿಂಗಳಿಗೆ ಎಷ್ಟು ಹಣ, ಯಾವ ತಾರೀಖಿನೊಳಗೆ, ಶಾಲೆಯ ಶುಲ್ಕ ಮತ್ತು ಔಷಧದ ಖರ್ಚು ಯಾರದು ಎಂಬುದನ್ನು ಬರೆಯಿರಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ, ನಾಳೆ ಕೊಟ್ಟೆ ಕೊಡಲಿಲ್ಲ ಎಂಬ ತಕರಾರು ಇರುವುದಿಲ್ಲ. ರಜೆಯಲ್ಲಿ, ಈದ್‌ನ ದಿನಗಳಲ್ಲಿ ಮಗು ಯಾರನ್ನು ಯಾವಾಗ ಕಾಣಬೇಕು ಎಂಬುದೂ ಇರಲಿ. ತಂದೆ ಗಲ್ಫ್‌ನಲ್ಲಿದ್ದರೆ ವಾರದಲ್ಲಿ ಯಾವ ದಿನ ಫೋನಿನಲ್ಲಿ ಮಾತನಾಡಬೇಕು ಎಂಬುದನ್ನೂ ಸೇರಿಸಿ. ಮಗುವಿನ ಜನನ ಪತ್ರ, ಆಧಾರ್, ಶಾಲೆಯ ದಾಖಲೆಗಳು ಮಗು ಇರುವ ಕಡೆಗೇ ಹೋಗಲಿ. “ಮಕ್ಕಳ ಮೇಲೆ ಹಕ್ಕಿಲ್ಲ”, “ಖರ್ಚು ಕೇಳುವುದಿಲ್ಲ” ಎಂಬ ಸಾಲುಗಳನ್ನು ಯಾರೇ ಒತ್ತಾಯಿಸಿದರೂ ಬರೆಯಬೇಡಿ.

ಮಗುವಿನ ಕಾರಣಕ್ಕೆ ತಾಯಿಯನ್ನೂ ನೋಯಿಸಬಾರದು, ತಂದೆಯನ್ನೂ ನೋಯಿಸಬಾರದು ಎಂದು ಅಲ್ ಬಕರಃ ಅಧ್ಯಾಯದ 233ನೇ ಸೂಕ್ತ ಕಲಿಸುತ್ತದೆ. ಇದು ತಾಯಂದಿರಿಗೂ ಅನ್ವಯಿಸುತ್ತದೆ. ತಂದೆಯ ಮೇಲಿನ ಸಿಟ್ಟಿಗೆ ಮಗುವನ್ನು ಅಡಗಿಸಿಡುವುದು, ಅದರ ಕಿವಿಯಲ್ಲಿ ತಂದೆಯ ಬಗ್ಗೆ ವಿಷ ತುಂಬುವುದು ಅದೇ ಆಜ್ಞೆಯ ಉಲ್ಲಂಘನೆ. ಮಗುವಿನಿಂದ ತಾಯಿಯನ್ನು ಅಗಲಿಸುವವನನ್ನು ಅಲ್ಲಾಹನು ಅಂತ್ಯದಿನದಲ್ಲಿ ಅವನ ಪ್ರಿಯರಿಂದ ಅಗಲಿಸುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ (ತಿರ್ಮಿದಿ). ವಿದ್ವಾಂಸರು ಈ ಎಚ್ಚರಿಕೆಯನ್ನು ವಿವರಿಸಿರುವುದು ಯುದ್ಧದಲ್ಲಿ ಸೆರೆಸಿಕ್ಕವರ ವಿಷಯದಲ್ಲಿ. ಸೆರೆಯಾಳುಗಳಿಗೇ ಇಷ್ಟು ರಕ್ಷಣೆಯಿದ್ದರೆ ನಮ್ಮ ಮನೆಯ ಮಕ್ಕಳಿಗೆ ಎಷ್ಟಿರಬೇಕು?

ನಿಕಾಹ್ ಮುರಿಯಬಹುದು. ತಂದೆ ತಾಯಿ ಎಂಬ ಸಂಬಂಧವನ್ನು ಮುರಿಯುವ ತಲಾಖ್ ಇಲ್ಲ. ನಮ್ಮ ಮನೆಗಳಿಗೆ ಅಲ್ಲಾಹನು ನೆಮ್ಮದಿ ಕೊಡಲಿ. ಬೇರ್ಪಟ್ಟವರಿಗೆ ನ್ಯಾಯವಾಗಿ ನಡೆಯುವ ಮನಸ್ಸು ಕೊಡಲಿ. ಅವರ ಮಕ್ಕಳಿಗೆ ಇಬ್ಬರ ಪ್ರೀತಿಯೂ ಸಿಗುವಂತಾಗಲಿ. ಆಮೀನ್.