ಲಿಂಕ್ ಹಂಚಿದವನ ಪಾಲು ಯಾವ ರಾಶಿಯಿಂದ?

2022ರ ನವೆಂಬರ್ ಕೊನೆಯ ವಾರ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು ದಿಢೀರನೆ ಎರಡು ರಾಜ್ಯಗಳ ಸುದ್ದಿಯಾಯಿತು. ಜತ್ತದ ಗ್ರಾಮ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರುವುದಾಗಿ ಠರಾವು ಮಾಡಿವೆ, ಅದನ್ನು ಗಂಭೀರವಾಗಿ ಪರಿಗಣಿಸುತ್ತೇವೆ ಎಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದರು. ಆ ಠರಾವು 2012ರದ್ದು, ಈಗ ಯಾವ ಊರೂ ಹೊರಟಿಲ್ಲ ಎಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ತಿರುಗೇಟು ಕೊಟ್ಟರು. ಡಿಸೆಂಬರ್ ಆರಂಭದಲ್ಲಿ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯ ನೀರು ಗಡಿ ದಾಟಿ ತಿಕ್ಕುಂಡಿ ಕೆರೆಯ ಕಡೆ ಹರಿಯಿತು. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಕಡೆ ನಂಟಿರುವ ಯಾರ ಮೊಬೈಲಿಗೂ ಆ ದಿನಗಳಲ್ಲಿ ಬಿಡುವಿರಲಿಲ್ಲ.

ಒಂದೇ ಸುದ್ದಿಯ ಲಿಂಕು ಹತ್ತು ಗುಂಪುಗಳಿಂದ ಬರುತ್ತಿತ್ತು. ಬರೀ ಲಿಂಕು ಬಂದರೆ ಹೆಬ್ಬೆರಳು ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ‘ಇದು ಹತ್ತು ವರ್ಷದ ಹಿಂದಿನ ಠರಾವು, ತಾರೀಖು ನೋಡ್ರಿ’ ಎಂದು ಯಾರಾದರೂ ಮೇಲೊಂದು ಸಾಲು ಬರೆದಿದ್ದರೆ ಜನ ನಿಂತು ತೆರೆದು ಓದುತ್ತಿದ್ದರು. ನನ್ನ ಮಟ್ಟಿಗೆ ಲಿಂಕ್ ಹಂಚಿಕೆಯ ಬೆಲೆಯೆಲ್ಲ ಆ ಒಂದು ಸಾಲಿನಲ್ಲೇ ಇದೆ. ಲಿಂಕನ್ನು ಯಾರು ಬೇಕಾದರೂ ಅಂಟಿಸಬಹುದು, ಯಂತ್ರವೂ ಅಂಟಿಸುತ್ತದೆ.

ಈಗ ಇದೇ ಕೆಲಸಕ್ಕೆ ದುಡ್ಡು ಕೊಡುವ ಜಾಲತಾಣಗಳ ವಿಷಯಕ್ಕೆ ಬರೋಣ. ಬ್ಲಾಕ್‌ಚೈನ್ ಮೇಲೆ ಕಟ್ಟಿದ ಸಾಮಾಜಿಕ ಜಾಲಗಳಲ್ಲಿ ಹೆಚ್ಚು ಹೆಸರು ಮಾಡಿದ್ದು 2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಶುರು ಮಾಡಿದ ಸ್ಟೀಮ್. ಅಲ್ಲಿ ಬರೆದವರಿಗೂ, ಬರೆದದ್ದನ್ನು ಮೆಚ್ಚಿ ಮತ ಹಾಕಿದವರಿಗೂ ಟೋಕನ್ ರೂಪದಲ್ಲಿ ಪಾಲು ಸಿಗುತ್ತದೆ. ಪೋಸ್ಟ್ ಹಾಕಿ ಏಳು ದಿನಕ್ಕೆ ಲೆಕ್ಕ ಚುಕ್ತಾ. ಹೊಸದಾಗಿ ಹುಟ್ಟುವ ಟೋಕನ್‌ಗಳಲ್ಲಿ ದೊಡ್ಡ ಭಾಗ ಈ ಬಹುಮಾನದ ನಿಧಿಗೇ ಹೋಗುತ್ತದೆ. ಇದು ಕಣದ ರಾಶಿ ಇದ್ದ ಹಾಗೆ. ಆಯಗಾರರು ಎಷ್ಟು ಜನ ಬಂದು ಸಾಲುಗಟ್ಟಿದರೂ ರಾಶಿ ಅಷ್ಟೇ. ಒಬ್ಬನ ಮೊರ ತುಂಬಿದಷ್ಟೂ ಇನ್ನೊಬ್ಬನದು ತಗ್ಗುತ್ತದೆ.

ಸ್ಟೀಮ್ ಮೇಲೆ ಲಿಂಕ್ ಹಂಚುವುದಕ್ಕೆಂದೇ ಡಿಲೈಕ್ ಎಂಬ ಆಪ್ ಬಂತು. ದಿನದಿನದ ಹೊಸ ಉತ್ಪನ್ನಗಳನ್ನು ಹುಡುಕಿ ತಂದು ತೋರಿಸುತ್ತಿದ್ದ ಸ್ಟೀಮ್‌ಹಂಟ್ ಕೂಡ ಒಂದು ರೀತಿಯಲ್ಲಿ ಲಿಂಕಿನ ಅಂಗಡಿಯೇ ಆಗಿತ್ತು. ಕೂಡಲೇ ಜಗಳ ಶುರುವಾಯಿತು. ನಾಲ್ಕು ದಿನ ಕೂತು ಲೇಖನ ಬರೆದವನೂ, ಬೇರೆ ಯಾರೋ ಬರೆದದ್ದರ ಲಿಂಕನ್ನು ನಾಲ್ಕು ಕ್ಷಣದಲ್ಲಿ ಅಂಟಿಸಿದವನೂ ಒಂದೇ ರಾಶಿಯ ಮುಂದೆ ನಿಲ್ಲುವುದು ಯಾವ ನ್ಯಾಯ?

ಲಿಂಕ್ ಹಂಚುವವರ ವಾದವೂ ಟೊಳ್ಳಲ್ಲ. ಡೆಲಿಷಸ್, ಡಿಗ್, ರೆಡಿಟ್ ಇವೆಲ್ಲ ಬೆಳೆದದ್ದು ಲಿಂಕಿನ ಮೇಲೆಯೇ. ಹೊರಗಿನ ಲೋಕದ ಸುದ್ದಿ ಒಳಗೆ ಬಾರದಿದ್ದರೆ ಇಂಥ ಜಾಲಗಳಲ್ಲಿ ಬ್ಲಾಕ್‌ಚೈನ್ ಬಗ್ಗೆ ಬ್ಲಾಕ್‌ಚೈನಿನವರೇ ಮಾತಾಡಿಕೊಳ್ಳುವುದು ಬಿಟ್ಟು ಇನ್ನೇನೂ ಉಳಿಯುವುದಿಲ್ಲ. (ಅಲ್ಲಿ ಸ್ವಲ್ಪ ಹೊತ್ತು ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಆದರೆ ರೆಡಿಟ್‌ನಲ್ಲಿ ಜನ ಲಿಂಕಿಗಿಂತ ಅದರ ಕೆಳಗಿನ ಚರ್ಚೆಗಾಗಿ ಬರುತ್ತಾರೆ, ಮತ್ತು ಅಲ್ಲಿ ಒಂದು ಖಾತೆಗೆ ಒಂದು ಮತ. ಸ್ಟೀಮ್‌ನಲ್ಲಿ ಮತದ ತೂಕ ಕೈಯಲ್ಲಿರುವ ಟೋಕನ್ ಮೇಲೆ ನಿಂತಿದೆ. ಹೀಗಾಗಿ ಲಿಂಕಿನ ಯೋಗ್ಯತೆಗಿಂತ ಮತ ಹಾಕಿದವನ ಜೇಬೇ ಮುಖ್ಯವಾಯಿತು. ಮತವನ್ನು ಬಾಡಿಗೆಗೆ ಕೊಡುವ ಬಾಟ್‌ಗಳೂ ಹುಟ್ಟಿಕೊಂಡವು. 2019ರ ಆಗಸ್ಟ್‌ನಲ್ಲಿ ನಿಯಮ ತಿದ್ದಿ, ಬರೆದವರಿಗೆ ಅರ್ಧ, ಮತ ಹಾಕಿದವರಿಗೆ ಅರ್ಧ ಎಂದು ಮಾಡಿದರು. ಕೈಯಿಂದ ಏನೂ ಕಳೆದುಕೊಳ್ಳದೆ ಒಂದಷ್ಟು ಇಳಿಮತ (ಡೌನ್‌ವೋಟ್) ಹಾಕುವ ಅವಕಾಶವನ್ನೂ ಕೊಟ್ಟರು. ಒಳ್ಳೆಯದನ್ನು ಹುಡುಕಿ ಮತ ಹಾಕುವುದೂ ಬರೆದಷ್ಟೇ ಕೂಲಿಗೆ ತಕ್ಕ ಕೆಲಸ ಎಂದು ಜಾಲ ಆಗ ಒಪ್ಪಿಕೊಂಡ ಹಾಗಾಯಿತು. ಮರುವರ್ಷ ಕ್ರಿಪ್ಟೊ ಉದ್ಯಮಿ ಜಸ್ಟಿನ್ ಸನ್ ಸ್ಟೀಮ್ ಕಟ್ಟಿದ ಸ್ಟೀಮಿಟ್ ಕಂಪನಿಯನ್ನು ಕೊಂಡದ್ದು, ಅದಕ್ಕೆ ಒಪ್ಪದವರು 2020ರ ಮಾರ್ಚ್‌ನಲ್ಲಿ ಹೈವ್ ಎಂದು ಬೇರೆ ಸಂಸಾರ ಹೂಡಿದ್ದು ಬೇರೆ ಕಥೆ.

ಇದನ್ನು ಜತ್ತದ ಹೊಲಕ್ಕೆ ತಂದು ನೋಡಿದರೆ ಸಂಗತಿ ಚೊಕ್ಕವಾಗುತ್ತದೆ. ಮಹಾರಾಷ್ಟ್ರದಲ್ಲಿ ರೈತ ತನ್ನ ಹೊಲದಲ್ಲಿರುವ ಬೆಳೆಯನ್ನು ತಾನೇ ಮೊಬೈಲಿನಲ್ಲಿ ದಾಖಲಿಸುವ ‘ಇ–ಪೀಕ್ ಪಾಹಣಿ’ 2021ರ ಆಗಸ್ಟ್ 15ರಿಂದ ನಡೆಯುತ್ತಿದೆ. ಬೆಳೆ ಸಾತ್‌ಬಾರಾ ಉತಾರದ (ನಮ್ಮ ಪಹಣಿಯ) ಮೇಲೆ ಏರದಿದ್ದರೆ ಮುಂದೆ ಪರಿಹಾರದ ಹೊತ್ತಿಗೆ ತಾಪತ್ರಯ. ವ್ಯವಹಾರವೆಲ್ಲ ಮರಾಠಿಯಲ್ಲಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದ, ಜೋಳವನ್ನು ಜೋಳವೆಂದೇ ಕರೆಯುವ ರೈತ ಅದರಲ್ಲಿ ‘ಜ್ವಾರಿ’ಯನ್ನು ಹುಡುಕಬೇಕು. ಇಂಥವನಿಗೆ ಆಪಿನ ಲಿಂಕು ಕಳಿಸಿದರೆ ಅರ್ಧ ಕೆಲಸವೂ ಆಗಲಿಲ್ಲ. ಲಿಂಕಿನ ಬೆನ್ನಿಗೇ ಊರಿನ ಕಲಿತ ಹುಡುಗನೊಬ್ಬ, ‘ಕಾಕಾ, ಮೊದಲ ನಿಮ್ಮ ಗಟ್ ನಂಬರ್ ಹಾಕ್ರಿ, ಹೊಲದಾಗ ನಿಂತಾ ಫೋಟೋ ಹೊಡೀರಿ, ಮನ್ಯಾಗ ಕುಂತ ಹೊಡದ್ರ ನಡ್ಯಂಗಿಲ್ಲ’ ಎಂದು ಒಂದು ನಿಮಿಷ ಮಾತಾಡಿ ಕಳಿಸಿದರೆ ಕೆಲಸ ಆಯಿತು.

ಈ ಹುಡುಗ ಅದನ್ನೇ, ಸ್ಟೀಮ್‌ನಂತೆಯೇ ಮತದ ತೂಕ ಟೋಕನ್ ಮೇಲೆ ನಿಂತಿರುವ ಹೈವ್ ಮೇಲೆ ಹಾಕಿದ ಎನ್ನಿ. ಉಪಕಾರ ಪಡೆದ ಇಪ್ಪತ್ತು ರೈತರೂ ಬಂದು ಮತ ಒತ್ತಲಿ. ಅವರ ಬಳಿ ಟೋಕನ್ ಇಲ್ಲದ್ದರಿಂದ ಆ ಮತಗಳ ಬೆಲೆ ಸೊನ್ನೆಗೆ ಹತ್ತಿರ. ಎಲ್ಲೋ ದೂರದೇಶದ ದೊಡ್ಡ ಖಾತೆದಾರನೊಬ್ಬ, ಕನ್ನಡದ ಗಂಧವೂ ಇಲ್ಲದವನು, ಒಂದು ಕ್ಲಿಕ್ ಒತ್ತಿದರೆ ಮಾತ್ರ ದುಡ್ಡು. ಲಿಂಕ್ ಆಪುಗಳ ನಿಜವಾದ ತೊಡಕು ಇದು. ಅವು ಬೆಲೆ ಸೇರಿಸುವುದಿಲ್ಲ ಎಂದೇನಲ್ಲ. ಸೇರಿದ ಬೆಲೆಯನ್ನು ಅಳೆಯುವ ಕೊಳಗ ಬೇರೆಯವರ ಕೈಯಲ್ಲಿದೆ.

ಇನ್ನು ದುಡ್ಡಿನ ಲೆಕ್ಕ. 2018ರ ಜನವರಿಯಲ್ಲಿ ಒಂದು ಸ್ಟೀಮ್ ಟೋಕನ್ 7 ಡಾಲರ್ ದಾಟಿತ್ತು, ಅದೇ ವರ್ಷದ ಕೊನೆಗೆ ಅರ್ಧ ಡಾಲರ್‌ಗೂ ಕೆಳಗೆ ಬಿತ್ತು. ನಮ್ಮಲ್ಲಿ 2022ರ ಏಪ್ರಿಲ್ 1ರಿಂದ ಇಂಥ ಡಿಜಿಟಲ್ ಆಸ್ತಿ ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆ, ಜುಲೈ 1ರಿಂದ ವಹಿವಾಟಿನ ಮೇಲೆ ಶೇ 1 ಟಿಡಿಎಸ್. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಲಿಂಕ್ ಹಂಚಿ ಗಳಿಸುವ ಚಿಲ್ಲರೆಗೆ ಇಷ್ಟು ಲೆಕ್ಕಪತ್ರ ಯಾರು ಇಟ್ಟಾರು?

ದುಡ್ಡನ್ನು ಬದಿಗಿಟ್ಟರೆ ಬ್ಲಾಕ್‌ಚೈನ್ ಕೊಡಬಲ್ಲ ಇನ್ನೊಂದು ವಸ್ತುವಿದೆ, ಅದು ದಾಖಲೆ. ಹೈವ್‌ನಲ್ಲಿ ಮೂರು ಸೆಕೆಂಡಿಗೊಂದು ಬ್ಲಾಕ್. ಯಾವ ಖಾತೆ, ಯಾವ ಹೊತ್ತಿಗೆ, ಏನು ಬರೆಯಿತು ಎಂಬುದು ಅಳಿಸಲು ಬಾರದಂತೆ ಉಳಿಯುತ್ತದೆ. 2022ರ ಡಿಸೆಂಬರ್ 14ರಂದು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ದೆಹಲಿಯಲ್ಲಿ ಕೂರಿಸಿ ಮಾತಾಡಿದ ಕೇಂದ್ರ ಗೃಹ ಸಚಿವ ಅಮಿತ್ ಶಾ, ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ಗಡಿ ವಿವಾದಕ್ಕೆ ತುಪ್ಪ ಸುರಿದಿವೆ ಎಂದು ಹೇಳಬೇಕಾಯಿತು. ಇಂಥ ಕಡೆ ಅಳಿಸಲಾಗದ ದಾಖಲೆ ಉಪಯೋಗಕ್ಕೆ ಬಂದೀತು. ಆದರೆ ಬ್ಲಾಕ್‌ಚೈನ್ ಖಾತೆಯನ್ನು ಗುರುತಿಸುತ್ತದೆಯೇ ಹೊರತು ಆ ಖಾತೆಯ ಹಿಂದಿರುವ ಮನುಷ್ಯನನ್ನಲ್ಲ. ಹಳೆಯ ಠರಾವನ್ನು ಹೊಸದೆಂದು ಹಾಕಿದರೆ ಹಾಕಿದ ಕ್ಷಣ ಮಾತ್ರ ನಿಖರವಾಗಿ ಮೂಡುತ್ತದೆ, ಠರಾವಿನ ವಯಸ್ಸು ಮೂಡುವುದಿಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಮತ್ತೊಂದು. ಬ್ಲಾಕ್‌ನಲ್ಲಿ ಉಳಿಯುವುದು ಲಿಂಕಿನ ಅಕ್ಷರಗಳು, ಲಿಂಕಿನ ಆಚೆಗಿರುವ ಪುಟವಲ್ಲ. 2013ರಲ್ಲಿದ್ದ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ಹೊತ್ತಿಗೆ ಸಿಗದಂತಾಗಿದ್ದವು ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿತು. ಸಣ್ಣ ಊರಿನ ವರದಿ ಹಾಕುವ ಜಾಲತಾಣಗಳಿಗೆ ಆಯುಸ್ಸು ಇನ್ನೂ ಕಡಿಮೆ ಎಂಬುದು ನನ್ನ ಗುಮಾನಿ. ಪುಟ ಸತ್ತ ಮೇಲೆ ಉಪಯೋಗಕ್ಕೆ ಬರುವುದು ಹಂಚಿದವನು ಬರೆದ ಸಾರವಷ್ಟೇ. ಹಾಗಾಗಿ ಲಿಂಕ್ ಆಪು ಕಟ್ಟುವವರು ನನ್ನನ್ನು ಕೇಳಿದರೆ, ಲಿಂಕಿನ ಜೊತೆ ಹಂಚಿದವನ ನಾಲ್ಕು ಸ್ವಂತ ಸಾಲು ಇಲ್ಲದಿದ್ದರೆ ಬಹುಮಾನ ಕೊಡಬೇಡಿ ಎನ್ನುತ್ತೇನೆ.

ಬಹುಮಾನವೇ ಇಲ್ಲದೆ ಶುರುವಾದ ದಾರಿಯೂ ಒಂದಿದೆ. ಫಾರ್‌ಕ್ಯಾಸ್ಟರ್ ಎಂಬ ಜಾಲ ಗುರುತನ್ನು ಮಾತ್ರ ಬ್ಲಾಕ್‌ಚೈನ್ ಮೇಲಿಟ್ಟು, ಪೋಸ್ಟ್‌ಗಳನ್ನು ಹೊರಗಿಟ್ಟಿತು. 2023ರಲ್ಲಿ ಬಳಕೆದಾರ ಪೋಸ್ಟ್ ಇಡುವ ಜಾಗಕ್ಕೆ ವರ್ಷದ ಬಾಡಿಗೆ ಕಟ್ಟಬೇಕೆಂದಿತು. ಹಂಚಿದರೆ ದುಡ್ಡು ಎಂಬಲ್ಲಿ ಕಸ ತುಂಬುತ್ತದೆ; ಹಂಚಲು ಕೈಯಿಂದ ಕೊಡಬೇಕು ಎಂದರೆ ಮನುಷ್ಯ ಎರಡು ಸಲ ಯೋಚಿಸುತ್ತಾನೆ. 2024ರ ಜನವರಿಯಲ್ಲಿ ಅದೇ ಜಾಲ ಲಿಂಕನ್ನು ಪೋಸ್ಟಿನೊಳಗೇ ನಡೆಯುವ ಸಣ್ಣ ಆಪಾಗಿ ಮಾಡುವ ಫ್ರೇಮ್ಸ್ ತಂದಾಗ ಜನ ಮುಗಿಬಿದ್ದರು.

ಉಳಿದದ್ದು ಸುದ್ದಿ ಬರೆದವರ ಪಾಲು. ಲಿಂಕಿಗೆ ಕಾಸು ಯಾರು ಕೊಡಬೇಕೆಂಬ ಜಗಳದಲ್ಲಿ ಫೇಸ್‌ಬುಕ್ 2021ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದವರಿಗೆ ಸುದ್ದಿಯನ್ನೇ ಮುಚ್ಚಿತ್ತು. ಹೈವ್‌ನಲ್ಲಿ ಈ ಜಗಳಕ್ಕೆ ಸಲೀಸಾದ ಪರಿಹಾರ ಆಗಲೇ ಇದೆ: ಪೋಸ್ಟ್ ಹಾಕುವಾಗಲೇ, ಬರುವ ಗಳಿಕೆಯಲ್ಲಿ ಇಂತಿಷ್ಟು ಪಾಲು ಇಂಥ ಖಾತೆಗೆ ಎಂದು ನಮೂದಿಸಬಹುದು. ಆಪುಗಳು ತಮ್ಮ ಕಮಿಷನ್ ಮುರಿದುಕೊಳ್ಳುವುದೂ ಇದೇ ಸೌಲಭ್ಯದಿಂದ. ತಿಕ್ಕುಂಡಿ ಕೆರೆಗೆ ನೀರು ಬಂದ ಸುದ್ದಿಯನ್ನು ಬಿಸಿಲಲ್ಲಿ ನಿಂತು ಬರೆದ ವರದಿಗಾರನಿಗೂ ಹತ್ತು ಶೇಕಡಾ ಹಾಗೆಯೇ ಹೋಗಬಹುದು, ಅವನಿಗೆ ಹೈವ್‌ನಲ್ಲಿ ಒಂದು ಖಾತೆ ಇದ್ದರೆ. ಇಲ್ಲದಿದ್ದರೆ ಆ ಹತ್ತು ಶೇಕಡಾವೂ ಲಿಂಕ್ ಅಂಟಿಸಿದವನದೇ.